ಕಾರು ಕಂಪನಿಯ ಕಾಗದ ಬಂದಿದೆ, ಓದಿದಿರಾ?



ಈ ಸಲ ಹಾಡು, ನಾಟಕ, ಹಬ್ಬದ ಅಡುಗೆ ಎಲ್ಲ ಬದಿಗಿಟ್ಟು ಸ್ವಲ್ಪ ಗ್ರೀಸು-ಆಯಿಲ್ ವಾಸನೆಯ ಇತಿಹಾಸ ಹೇಳೋಣ ಅಂತ ಕೂತಿದ್ದೇನೆ. ಅದಕ್ಕೆ ಕಾರಣ ನಮ್ಮ ಭಾವ.

ಭಾವ ಇರುವುದು ಪುಣೆಯಲ್ಲಿ, ಕಾರು ಕೊಂಡಿದ್ದು ಹುಬ್ಬಳ್ಳಿಯಲ್ಲಿ. ನಂಬರ್ ಪ್ಲೇಟಿನ ಮೇಲೆ ಇನ್ನೂ ಕೆಎ-25 ಇದೆ. ಅದು ಊರಿನ ಮೇಲಿನ ಅಭಿಮಾನ ಅಂತ ಭಾವ ಹೇಳುತ್ತಾರೆ, ಮತ್ತೊಂದು ಸಲ ರಸ್ತೆ ತೆರಿಗೆ ಕಟ್ಟಲಾರದ ಸೋಮಾರಿತನ ಅಂತ ಅಕ್ಕ ಹೇಳುತ್ತಾಳೆ. ಇರಲಿ. ಹೋದ ಮಳೆಗಾಲದಲ್ಲಿ ಇಬ್ಬರೂ ಮುಂಬೈಗೆ ನಮ್ಮ ಮನೆಗೆ ಬರುತ್ತಿದ್ದಾಗ ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಹೊಗೆ ಇಲ್ಲ, ಸದ್ದಿಲ್ಲ, ಸುಮ್ಮನೆ ಆಫ್. ಸ್ಟಿಯರಿಂಗ್ ಕಲ್ಲಿನ ಹಾಗಾಯಿತು, ಹಿಂದೆ ಲಾರಿಗಳ ಸಾಲು. ಹೇಗೋ ಎಡಕ್ಕೆ ತಂದು ನಿಲ್ಲಿಸಿದರು. ಬಂಡಿಯನ್ನು ಎಳೆಸಿಕೊಂಡು ಸರ್ವಿಸ್ ಸೆಂಟರಿಗೆ ಹೋದರೆ, ಅಲ್ಲಿನ ಹುಡುಗ ಚಾಸಿ ನಂಬರನ್ನು ಕಂಪ್ಯೂಟರಿನಲ್ಲಿ ಹೊಡೆದು ನೋಡಿ, "ಸಾರ್, ಈ ಗಾಡಿಗೆ ಎಂಟು ತಿಂಗಳ ಹಿಂದೆಯೇ ರೀಕಾಲ್ ಆಗಿದೆಯಲ್ಲ, ಫ್ಯೂಯಲ್ ಪಂಪ್ ಬದಲಿಸಬೇಕಿತ್ತು, ನಿಮಗೆ ಕಾಗದ ಬರಲಿಲ್ಲವಾ?" ಅಂದ. ಪಂಪ್ ಬದಲಿಸಲು ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. ಎಳೆದು ತಂದ ಬಾಡಿಗೆ ಮಾತ್ರ ಭಾವನ ಕಿಸೆಯಿಂದ.

ಕಾಗದ ಬಂದಿತ್ತು. ಆದರೆ ಹುಬ್ಬಳ್ಳಿಗೆ. ಅಕ್ಕನ ಅತ್ತೆಯವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಹೌದಪಾ, ಯಾವುದೋ ಕಂಪನಿ ಕಾಗದ ಬಂದಿತ್ತು ನೋಡು. ಇನ್ಸೂರನ್ಸಿನವರದಿರಬೇಕಂತ ತಂತಿಗೆ ಚುಚ್ಚಿಟ್ಟೀನಿ." ಮದುವೆ ಕಾಗದ, ಕರೆಂಟ್ ಬಿಲ್ಲುಗಳ ಜೊತೆ ಅದು ಎಂಟು ತಿಂಗಳು ತಂತಿಯಲ್ಲಿ ನೇತಾಡಿತ್ತು.

ಆ ಕಾಗದ ಅಷ್ಟು ಸುಲಭವಾಗಿ ಹುಟ್ಟಿದ್ದಲ್ಲ. ಕಾರಿನಲ್ಲಿ ದೋಷ ಇದೆ ಅಂತ ಕಂಪನಿ ಒಡೆಯನಿಗೆ ತಾನಾಗಿಯೇ ತಿಳಿಸಬೇಕು ಎಂಬ ಮಾತು ಕಾನೂನಾಗಲು ಅಮೆರಿಕದಲ್ಲಿ ದಶಕಗಳು ಬೇಕಾದವು, ನಮ್ಮಲ್ಲಿ ಇನ್ನೂ ಹೆಚ್ಚು.

ಮೊದಲಿನ ಪದ್ಧತಿ ಹೇಗಿತ್ತು ಅಂತ ತಿಳಿಯಲು ಒಂದು ಹಳೆಯ ಮೊಕದ್ದಮೆ ನೋಡಬೇಕು. 1953ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಬ್ಯೂಕ್ ರೋಡ್‌ಮಾಸ್ಟರ್ ಎಂಬ ದೊಡ್ಡ ಕಾರಿಗೆ ಹೊಸ ಪವರ್ ಬ್ರೇಕ್ ಹಾಕಿತು. ಅದರೊಳಗಿನ ಒಂದು ರಬ್ಬರ್ ಉಂಗುರ ಸರಿ ಇರಲಿಲ್ಲ, ಬ್ರೇಕ್ ಆಯಿಲ್ ಸೋರಿಹೋಗುತ್ತಿತ್ತು. ಪೆಡಲ್ ಒತ್ತಿದರೆ ಸೀದಾ ನೆಲಕ್ಕೆ. ಕಂಪನಿಗೆ ವಿಷಯ ಬೇಗನೆ ಗೊತ್ತಾಯಿತು. ಆಗ ಅದು ಮಾಡಿದ್ದೇನು? ಡೀಲರುಗಳಿಗೆ ರಿಪೇರಿ ಕಿಟ್ ಕಳಿಸಿ, ಆ ಕಾರು ಯಾವುದೇ ಕೆಲಸಕ್ಕೆ ನಿಮ್ಮಲ್ಲಿಗೆ ಬಂದರೆ ಈ ಭಾಗವನ್ನೂ ಬದಲಿಸಿಬಿಡಿ, ಖರ್ಚು ನಮ್ಮದು ಎಂದಿತು. ಒಡೆಯರಿಗೆ ಮಾತ್ರ ಒಂದು ಸಾಲೂ ಬರೆಯಲಿಲ್ಲ. ಮಿಶಿಗನ್ ರಾಜ್ಯದ ಒಬ್ಬ ಗ್ರಾಹಕನ ಬ್ರೇಕ್ ಹೋದಾಗ ಆತ ಕಾರನ್ನು ಡೀಲರ್ ಬಳಿಗೆ ತಂದು ಬಿಟ್ಟ. ಅಲ್ಲಿನ ಸಹಾಯಕ ಮ್ಯಾನೇಜರ್ ಬ್ರೇಕ್ ಇಲ್ಲ ಎಂಬುದನ್ನು ಮರೆತು ಕಾರನ್ನು ಚಲಾಯಿಸಿದ. ಮುಂದೆ ಇನ್ನೊಂದು ಕಾರಿನ ಬಳಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಎರಡರ ನಡುವೆ ಸಿಕ್ಕಿಕೊಂಡ. ಅವನ ಕಾಲು ತೆಗೆಯಬೇಕಾಯಿತು.

ಮರೆತವನು ಮ್ಯಾನೇಜರ್, ಹಾಗಾಗಿ ತಪ್ಪು ಅವನದು ಎಂದು ಕಂಪನಿ ವಾದಿಸಿತು. 1959ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಾರಿದ ಸ್ವಲ್ಪ ದಿನಕ್ಕೇ ಜೀವಕ್ಕೆ ಅಪಾಯ ತರುವ ದೋಷ ನಿನಗೆ ತಿಳಿದುಬಂದರೆ, ಅದನ್ನು ಕೊಂಡವರಿಗೆ ಕೂಡಲೇ ಹೇಳುವುದು ನಿನ್ನ ಹೊಣೆ ಎಂದಿತು. ಇವತ್ತು ನಮಗೆ ಇದು ಸಾಮಾನ್ಯ ಜ್ಞಾನದ ಮಾತು. ಆದರೆ ಅಲ್ಲಿಯವರೆಗೆ ಯಾವ ಕಾರು ಕಂಪನಿಯೂ ಹಾಗೆ ಯೋಚಿಸಿದಂತಿಲ್ಲ. ಹೇಳಿದರೆ ಹೆಸರು ಕೆಡುತ್ತದೆ, ಸುಮ್ಮನೆ ಸರಿಮಾಡಿದರೆ ಯಾರಿಗೂ ತಿಳಿಯದು - ಇಷ್ಟೇ ಲೆಕ್ಕ.

ಕೋರ್ಟಿನ ತೀರ್ಪು ಒಂದು ರಾಜ್ಯದ್ದು. ದೇಶಕ್ಕೆಲ್ಲ ಕಾನೂನು ಬಂದದ್ದು ರಾಲ್ಫ್ ನೇಡರ್ ಎಂಬ ಯುವ ವಕೀಲ ಬರೆದ ಪುಸ್ತಕದ ಗಲಾಟೆಯಿಂದ. 1965ರ ಕೊನೆಗೆ ಬಂದ ಆ ಪುಸ್ತಕದ ಮೊದಲ ಅಧ್ಯಾಯವೇ ಜನರಲ್ ಮೋಟಾರ್ಸ್‌ನ ಕೋರ್ವೇರ್ ಎಂಬ ಕಾರಿನ ಮೇಲೆ. ಕಂಪನಿ ಪುಸ್ತಕಕ್ಕೆ ಉತ್ತರ ಕೊಡುವ ಬದಲು ನೇಡರ್ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅದು ಹೊರಗೆ ಬಂದು, 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಪುಸ್ತಕವನ್ನು ಓದದವರಿಗೂ ನೇಡರ್ ಹೆಸರು ಗೊತ್ತಾದದ್ದು ಆಗಲೇ. (ತಮಾಷೆ ಅಂದರೆ, ಕೋರ್ವೇರ್ ಆ ಕಾಲದ ಅದರ ಓರಗೆಯ ಕಾರುಗಳಿಗಿಂತ ಹೆಚ್ಚು ಅಪಾಯಕಾರಿ ಏನಲ್ಲ ಎಂದು 1972ರ ಸರ್ಕಾರಿ ವರದಿ ಹೇಳಿತು. ಉದಾಹರಣೆ ಅರ್ಧ ತಪ್ಪಿದರೂ ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು ಅಂತ ನನ್ನ ಅಭಿಪ್ರಾಯ.)

1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡರೆ, ಕಾರನ್ನು ಮೊದಲು ಕೊಂಡವರಿಗೆ ರಿಜಿಸ್ಟರ್ಡ್ ಅಂಚೆಯ ಹಾಗೆ ದಾಖಲಾಗುವ ಅಂಚೆಯಲ್ಲಿ ಕಾಗದ ಹಾಕಲೇಬೇಕು ಎಂದಾಯಿತು. ಗಮನಿಸಿ, ಕಾಗದ ಹಾಕಬೇಕು ಅಷ್ಟೇ. ರಿಪೇರಿ ಪುಕ್ಕಟೆ ಮಾಡಬೇಕು ಅಂತ ಅದರಲ್ಲಿ ಇರಲಿಲ್ಲ. ನಿಮ್ಮ ಕಾರಿನಲ್ಲಿ ದೋಷ ಇದೆ ಅಂತ ತಿಳಿಸಿ, ಬಿಲ್ಲನ್ನೂ ನಿಮಗೇ ಕೊಡಬಹುದಿತ್ತು! ಅದು ಬದಲಾದದ್ದು 1974ರ ತಿದ್ದುಪಡಿಯಲ್ಲಿ. ಅಂದಿನಿಂದ ದೋಷ ಸರಿಪಡಿಸುವ ಖರ್ಚು ಕಂಪನಿಯದ್ದು. ಮೊದಲು ಎಂಟು ವರ್ಷದವರೆಗಿನ ಕಾರಿಗೆ ಇದ್ದ ಈ ಹಕ್ಕು ಆಮೇಲೆ ಹತ್ತು, 2015ರಲ್ಲಿ ಹದಿನೈದು ವರ್ಷಕ್ಕೆ ಏರಿತು.

ಈ ಎರಡು ಕಾನೂನುಗಳ ನಡುವೆ ಬಂದದ್ದೇ ಎಂಜಿನ್‌ಗೆ ಸಂಬಂಧಿಸಿದ ಮೊದಲ ಮಹಾ ರೀಕಾಲ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾರಿನ ಎಂಜಿನ್ನನ್ನು ಚೌಕಟ್ಟಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿಯುವುದಿಲ್ಲ. ಬಿಗಿದರೆ ಅದರ ಅದುರಾಟ ಸೀಟಿನಲ್ಲಿ ಕೂತವರ ಹಲ್ಲಿಗೂ ಬರುತ್ತದೆ. ಅದಕ್ಕೇ ನಡುವೆ ಕಬ್ಬಿಣಕ್ಕೆ ಅಂಟಿಸಿದ ದಪ್ಪ ರಬ್ಬರ್ ತುಂಡುಗಳನ್ನು ಇಡುತ್ತಾರೆ. ಇವಕ್ಕೆ ಎಂಜಿನ್ ಮೌಂಟಿಂಗ್ ಅಂತ ಹೆಸರು. ಅಡುಗೆಮನೆ ಮಿಕ್ಸಿಯ ಕೆಳಗಿನ ರಬ್ಬರ್ ಕಾಲು ಕಳಚಿದರೆ ಮಿಕ್ಸಿ ಕಟ್ಟೆಯ ಮೇಲೆ ಹೇಗೆ ಕುಣಿಯುತ್ತದೆ ಅಂತ ಎಲ್ಲರೂ ನೋಡಿದ್ದೇವೆ. 1965ರಿಂದ 1969ರವರೆಗಿನ ಷೆವರ್ಲೆ ಕಾರುಗಳಲ್ಲಿ ಆದದ್ದೂ ಅದೇ. ರಬ್ಬರು ಕಬ್ಬಿಣದಿಂದ ಬಿಟ್ಟುಕೊಳ್ಳುತ್ತಿತ್ತು. ಚಾಲಕ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಒಂದು ಮಗ್ಗುಲಿಗೆ ಎದ್ದು ನಿಲ್ಲುತ್ತಿತ್ತು. ಹಾಗೆ ಏಳುವಾಗ ಆಕ್ಸಿಲರೇಟರ್ ಸರಳನ್ನು ಜಗ್ಗಿ ಅದನ್ನು ತೆರೆದ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತಿತ್ತು. ಬ್ರೇಕಿಗೆ ಬಲ ಕೊಡುವ ಕೊಳವೆಯನ್ನೂ ಕಿತ್ತುಹಾಕುತ್ತಿತ್ತು. ಅಂದರೆ ಕಾರು ತಾನಾಗಿ ಓಡುತ್ತಿದೆ, ಬ್ರೇಕ್ ಗಟ್ಟಿಯಾಗಿದೆ, ಕೆಲವು ಸಲ ಗೇರೂ ಬದಲಾಗದು.

ದೂರುಗಳು ಬಂದವು, ಪತ್ರಿಕೆಗಳು ಬರೆದವು, ಸರ್ಕಾರ ಕೇಳಿತು. ಆಗ ಕಂಪನಿಯ ಅಧ್ಯಕ್ಷರಾಗಿದ್ದ ಎಡ್ವರ್ಡ್ ಕೋಲ್ ಸ್ವತಃ ಹೆಸರಾಂತ ಎಂಜಿನಿಯರ್. ಗಂಟೆಗೆ 25 ಮೈಲಿ ವೇಗದಲ್ಲಿ ಕಾರನ್ನು ಸಂಭಾಳಿಸಲು ಬಾರದವರು ಕಾರೇ ಓಡಿಸಬಾರದು ಎಂಬ ಅರ್ಥದ ಮಾತಾಡಿದರು. ಎಂಥಾ ಮಾತು ನೋಡಿ! ದೋಷ ರಬ್ಬರಿನಲ್ಲಿ, ಬೈಗುಳ ಚಾಲಕನಿಗೆ. ಕೊನೆಗೆ 1971ರ ಡಿಸೆಂಬರ್‌ನಲ್ಲಿ ಕಂಪನಿ ಮಣಿಯಿತು. ಸುಮಾರು 67 ಲಕ್ಷ ವಾಹನಗಳನ್ನು ವಾಪಸ್ ಕರೆಯಲಾಯಿತು. ಅಷ್ಟು ಕಾರುಗಳಿಗೆ ಹೊಸ ಮೌಂಟಿಂಗ್ ಕೊಡಲಿಲ್ಲ, ರಬ್ಬರು ಕಿತ್ತುಬಂದರೂ ಎಂಜಿನ್ ಎದ್ದೇಳದಂತೆ ಒಂದು ಉಕ್ಕಿನ ಕೇಬಲ್ಲಿನಿಂದ ಕಟ್ಟಿದರು. ದನಕ್ಕೆ ಕಣ್ಣಿ ಹಾಕಿದ ಹಾಗೆ. ಅಗ್ಗದ ಉಪಾಯ, ಆದರೂ ಕೆಲಸ ಮಾಡಿತು.

ಇಲ್ಲಿ ಒಂದು ಮಾತು ಹೇಳಬೇಕು. ರೀಕಾಲ್ ಎಂದರೆ ಕಾರನ್ನು ಕಂಪನಿ ವಾಪಸ್ ಕಿತ್ತುಕೊಳ್ಳುತ್ತದೆ ಅಥವಾ ಹೊಸ ಕಾರು ಕೊಡುತ್ತದೆ ಅಂತ ತಿಳಿದವರು ನಮ್ಮಲ್ಲಿ ಇದ್ದಾರೆ. ಸಾಮಾನ್ಯವಾಗಿ ಎರಡೂ ಅಲ್ಲ. ಕಾರನ್ನು ಷೋರೂಮಿಗೆ ಒಯ್ಯಬೇಕು, ದೋಷದ ಭಾಗವನ್ನು ನೋಡುತ್ತಾರೆ, ಬೇಕಾದರೆ ಬದಲಿಸುತ್ತಾರೆ, ಸಂಜೆ ವಾಪಸ್ ತರುತ್ತೀರಿ.

ಕಾನೂನು ಬಂದ ಮೇಲಾದರೂ ಎಲ್ಲ ಸರಿಹೋಯಿತೇ? ಇಲ್ಲ. 2014ರಲ್ಲಿ ಅದೇ ಜನರಲ್ ಮೋಟಾರ್ಸ್ 26 ಲಕ್ಷ ಸಣ್ಣ ಕಾರುಗಳನ್ನು ವಾಪಸ್ ಕರೆಯಿತು. ಕಾರಣ ಕೀಲಿ ಹಾಕುವ ಇಗ್ನಿಷನ್ ಸ್ವಿಚ್. ಒಳಗಿನ ಸ್ಪ್ರಿಂಗು ಎಷ್ಟು ಸಡಿಲ ಅಂದರೆ, ಭಾರದ ಕೀಗೊಂಚಲು ಇದ್ದರೆ ಅಥವಾ ಮೊಣಕಾಲು ತಗುಲಿದರೆ ಓಡುತ್ತಿರುವಾಗಲೇ ಕೀಲಿ ತಿರುಗಿ ಎಂಜಿನ್ ಆಫ್ ಆಗುತ್ತಿತ್ತು. (ಮನೆ ಕೀ, ಬೀರು ಕೀ, ಲಾಕರ್ ಕೀ, ಜೊತೆಗೆ ಹಿತ್ತಾಳೆಯ ಗಣಪತಿ ಎಲ್ಲವನ್ನೂ ಕಾರಿನ ಕೀಗೇ ಪೋಣಿಸುವ ನಮ್ಮವರು ಇದನ್ನು ಓದಿಕೊಳ್ಳಬೇಕು.) ಎಂಜಿನ್ ನಿಂತಾಗ ಏರ್‌ಬ್ಯಾಗಿಗೂ ಕರೆಂಟ್ ಇರುತ್ತಿರಲಿಲ್ಲ. ಡಿಕ್ಕಿ ಆದರೆ ಅದು ಬಿಚ್ಚುತ್ತಿರಲಿಲ್ಲ.

ಈ ಸ್ವಿಚ್ ಸಡಿಲ ಎಂಬುದು ಕಾರು ಮಾರುಕಟ್ಟೆಗೆ ಬರುವ ಮೊದಲೇ ಕಂಪನಿಯೊಳಗೆ ಗೊತ್ತಿತ್ತು. ಆದರೆ ಎಂಜಿನ್ ನಿಲ್ಲುವುದನ್ನು ಅಲ್ಲಿನವರು ಸುರಕ್ಷತೆಯ ಪ್ರಶ್ನೆ ಅಂದುಕೊಳ್ಳದೆ, ಗ್ರಾಹಕರ ಅನುಕೂಲದ ಪ್ರಶ್ನೆ ಎಂಬ ಕಡತಕ್ಕೆ ಸೇರಿಸಿದ್ದರು. ಖಂಡಾಲಾ ಘಾಟಿನಲ್ಲಿ ಎಂಜಿನ್ ನಿಂತರೆ ಎಷ್ಟು ಅನುಕೂಲ ಅಂತ ನಮ್ಮ ಭಾವನನ್ನು ಕೇಳಬೇಕು! 2006ರಲ್ಲಿ ಸ್ವಿಚ್ಚಿನ ಸ್ಪ್ರಿಂಗನ್ನು ಸದ್ದಿಲ್ಲದೆ ಬಿಗಿ ಮಾಡಲಾಯಿತು, ಆದರೆ ಭಾಗದ ನಂಬರ್ ಬದಲಿಸಲಿಲ್ಲ. ಹೊಸದಕ್ಕೂ ಹಳೆಯದಕ್ಕೂ ಒಂದೇ ನಂಬರ್. ಹಾಗಾಗಿ ಒಂದೇ ಮಾದರಿಯಲ್ಲಿ ಹಳೆಯ ಕಾರುಗಳಷ್ಟೇ ಏಕೆ ನಿಲ್ಲುತ್ತವೆ ಅಂತ ಕಂಪನಿಯ ತನಿಖೆಗಾರರಿಗೇ ವರ್ಷಗಟ್ಟಲೆ ತಿಳಿಯಲಿಲ್ಲ. ಮೃತಳಾದ ಯುವತಿಯೊಬ್ಬಳ ತಂದೆತಾಯಿಯ ಪರವಾಗಿ ವಕೀಲರು ನೇಮಿಸಿದ ಹೊರಗಿನ ಎಂಜಿನಿಯರ್ ಒಬ್ಬರು ಎರಡೂ ಸ್ವಿಚ್ಚುಗಳನ್ನು ಪಕ್ಕಪಕ್ಕ ಇಟ್ಟು ಬಿಚ್ಚಿ ನೋಡಿದಾಗ ಗುಟ್ಟು ರಟ್ಟಾಯಿತು. ಒಂದರ ಸ್ಪ್ರಿಂಗು ಗಿಡ್ಡ, ಇನ್ನೊಂದರದು ಉದ್ದ.

ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಆ ಭಾಗದ ಬೆಲೆ ಒಂದು ಡಾಲರಿಗಿಂತ ಕಡಿಮೆ. 2015ರಲ್ಲಿ ಕಂಪನಿ 90 ಕೋಟಿ ಡಾಲರ್ ಕಟ್ಟಿ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು.

ಕೊರಿಯಾದ ಕಥೆ ಇನ್ನೊಂದು ಬಗೆಯದು. ಹ್ಯುಂಡೈ ಮತ್ತು ಕಿಯಾ ಕಂಪನಿಗಳ ಥೀಟಾ-2 ಎಂಬ ಎಂಜಿನ್ ಇತ್ತು. ಕ್ರ್ಯಾಂಕ್‌ಶಾಫ್ಟ್ ಎಂಬ ಮುಖ್ಯ ಅಚ್ಚಿನೊಳಗೆ ಆಯಿಲ್ ಹರಿಯಲು ಸಣ್ಣ ಕಾಲುವೆಗಳನ್ನು ಕೊರೆಯುತ್ತಾರೆ. ಕೊರೆದಾಗ ಉದುರಿದ ಲೋಹದ ಚೂರುಗಳನ್ನು ಪೂರ್ತಿ ತೊಳೆದು ತೆಗೆಯದಿದ್ದರೆ ಅವು ಆಯಿಲ್ ಜೊತೆ ಹೊರಟು ಬೇರಿಂಗಿನ ಬಾಯಿಗೆ ಅಡ್ಡ ಕೂರುತ್ತವೆ. ಆಯಿಲ್ ಸಿಗದ ಬೇರಿಂಗು ಸವೆಯುತ್ತದೆ, ಮೊದಲು ಟಕ್ ಟಕ್ ಸದ್ದು, ಆಮೇಲೆ ಎಂಜಿನ್ ಬಿಗಿದು ನಿಲ್ಲುವುದು, ಕೆಲವು ಸಲ ಕನೆಕ್ಟಿಂಗ್ ರಾಡು ಗೋಡೆ ಒಡೆದು ಹೊರಬಂದು ಬೆಂಕಿ. 2015ರಲ್ಲಿ ಅಮೆರಿಕದಲ್ಲಿ 4.7 ಲಕ್ಷ ಕಾರುಗಳನ್ನು ಕರೆದು, ವಿಷಯ ಇಷ್ಟೇ ಎಂದು ಹೇಳಲಾಯಿತು.

ಹ್ಯುಂಡೈನಲ್ಲಿ 25 ವರ್ಷಕ್ಕೂ ಹೆಚ್ಚು ದುಡಿದಿದ್ದ ಕಿಮ್ ಗ್ವಾಂಗ್-ಹೋ ಎಂಬ ಎಂಜಿನಿಯರ್‌ಗೆ ಅದು ಇಷ್ಟೇ ಅಲ್ಲ ಎಂದು ಗೊತ್ತಿತ್ತು. ಒಳಗೆ ಹೇಳಿ ನೋಡಿದರು. 2016ರಲ್ಲಿ ಕಾಗದಪತ್ರಗಳ ಸಮೇತ ವಾಷಿಂಗ್ಟನ್ನಿಗೆ ಹೋಗಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಗೆ ಒಪ್ಪಿಸಿದರು. ಅದೇ ವರ್ಷ ಕಂಪನಿ, ಗುಟ್ಟು ಬಯಲು ಮಾಡಿದೆ ಅಂತ ಅವರನ್ನು ಕೆಲಸದಿಂದ ತೆಗೆಯಿತು. 2017ರಲ್ಲಿ ಇನ್ನೂ 12 ಲಕ್ಷ ಕಾರುಗಳ ರೀಕಾಲ್ ಆಯಿತು, ಕೊರಿಯಾದಲ್ಲೂ 1.7 ಲಕ್ಷ. 2020ರಲ್ಲಿ ಎರಡೂ ಕಂಪನಿ ಸೇರಿ ದಂಡ ಮತ್ತು ಸುರಕ್ಷತೆಯ ಖರ್ಚು ಎಂದು 21 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದವು. 2021ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರ ಕಿಮ್‌ಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ಚೆನ್ನೈ ಕೇಳುಗರು ಗಾಬರಿ ಆಗಬೇಕಿಲ್ಲ, ನಿಮ್ಮ ಪಕ್ಕದ ಇರುಂಗಾಟ್ಟುಕೋಟ್ಟೈ ಕಾರ್ಖಾನೆಯಿಂದ ಬಂದ ಸ್ಯಾಂಟ್ರೋ, ಐ10, ಐ20ಗಳಲ್ಲಿ ಇರುವುದು ಆ ಎಂಜಿನ್ ಅಲ್ಲ.

ಹಳೆಯ ಕಥೆ ಅಂತಲೂ ತಿಳಿಯಬೇಡಿ. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ಎಂಜಿನ್ನಿನ ಸುಮಾರು 6 ಲಕ್ಷ ದೊಡ್ಡ ಗಾಡಿಗಳನ್ನು ಅಮೆರಿಕದಲ್ಲಿ ವಾಪಸ್ ಕರೆಯಿತು. ಮತ್ತೆ ಅದೇ ಕ್ರ್ಯಾಂಕ್‌ಶಾಫ್ಟ್, ಅದೇ ಕನೆಕ್ಟಿಂಗ್ ರಾಡ್.

ಇನ್ನು ನಮ್ಮ ದೇಶಕ್ಕೆ ಬರೋಣ.

ನಮ್ಮಲ್ಲಿ ರೀಕಾಲ್ ಎಂಬ ಪದವೇ ಬಹಳ ಕಾಲ ಬೈಗುಳದ ಹಾಗಿತ್ತು. ಅಂಬಾಸಿಡರ್, ಫಿಯಟ್ ಕಾಲದಲ್ಲಿ ಕಾರು ಸಿಗುವುದೇ ದೊಡ್ಡದು, ವರ್ಷಗಟ್ಟಲೆ ಕಾದು ಕೊಂಡ ಕಾರಿನಲ್ಲಿ ಏನಾದರೂ ಕೆಟ್ಟರೆ ಅದು ಮೆಕ್ಯಾನಿಕ್ಕಿನ ಪಾಲು. ಸುದ್ದಿಯಾದ ಮೊದಲ ದೊಡ್ಡ ಪ್ರಸಂಗಗಳಲ್ಲಿ ಒಂದು 2010ರ ಫೆಬ್ರವರಿಯಲ್ಲಿ ಬಂದದ್ದು. ಮಾರುತಿ ಸುಜುಕಿ ಕಂಪನಿ ಎ-ಸ್ಟಾರ್ ಎಂಬ ಸಣ್ಣ ಕಾರಿನ ಒಂದು ಲಕ್ಷ ಬಂಡಿಗಳನ್ನು ಕರೆಯಿತು, ಫ್ಯೂಯಲ್ ಪಂಪಿನ ಗ್ಯಾಸ್ಕೆಟ್ಟಿನಿಂದ ಪೆಟ್ರೋಲ್ ಸೋರುವ ಸಂಭವ ಇತ್ತು. ವಿದೇಶಕ್ಕೆ ಹೋದ ಕಾರುಗಳೂ ಅದರಲ್ಲಿ ಸೇರಿದ್ದವು. ಹೊರದೇಶದ ಕೊಳ್ಳುವವನಿಗೆ ಹೇಳಲೇಬೇಕು, ಒಳಗಿನವನಿಗೆ ಹೇಳದೆ ಇರಲು ಆಗದು ಎಂಬ ಪರಿಸ್ಥಿತಿ ಬಂತು ಅಂತ ನನಗೆ ಅನಿಸುತ್ತದೆ. ಅದೇ ವರ್ಷ ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಬಿದ್ದಾಗ ಟಾಟಾ ಮೋಟಾರ್ಸ್ ಪುಕ್ಕಟೆಯಾಗಿ ಹೆಚ್ಚಿನ ರಕ್ಷಣೆಯ ಭಾಗಗಳನ್ನು ಹಾಕಿಕೊಟ್ಟಿತು, ಆದರೆ ಇದು ರೀಕಾಲ್ ಅಲ್ಲ ಅಂತ ಒತ್ತಿ ಹೇಳಿತು. ಸರ್ವಿಸ್ ಕ್ಯಾಂಪೇನ್, ಉಚಿತ ತಪಾಸಣೆ ಎಂಬ ಮೆದು ಹೆಸರುಗಳು ಇವತ್ತಿಗೂ ಇವೆ. ಷೋರೂಮಿನಲ್ಲಿ ಆ ಪದ ಕೇಳಿದರೆ, ಏನನ್ನು ಬದಲಿಸುತ್ತಿದ್ದೀರಿ, ಏಕೆ ಅಂತ ಧೈರ್ಯವಾಗಿ ಕೇಳಿ.

2012ರ ಜುಲೈನಲ್ಲಿ ವಾಹನ ತಯಾರಕರ ಸಂಘವಾದ ಸಿಯಾಮ್ ತಾನೇ ಒಂದು ರೀಕಾಲ್ ನಿಯಮಾವಳಿ ಮಾಡಿಕೊಂಡಿತು. ಏಳು ವರ್ಷದವರೆಗಿನ ವಾಹನಗಳಿಗೆ, ಅದೂ ಸ್ವ-ಇಚ್ಛೆಯಿಂದ. ಒಂದೇ ವರ್ಷದಲ್ಲಿ ಅದರ ಪರೀಕ್ಷೆ ಆಯಿತು.

ಟವೇರಾ ನೆನಪಿದೆಯಲ್ಲ? ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ-ಸುಬ್ರಹ್ಮಣ್ಯ ಯಾತ್ರೆಗೆ ಎಷ್ಟು ಜನ ಅದರ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತಿಲ್ಲ! ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿದ್ದ ಆ ಗಾಡಿಯನ್ನು 2013ರ ಜುಲೈನಲ್ಲಿ ಜನರಲ್ ಮೋಟಾರ್ಸ್‌ನ ಭಾರತೀಯ ಕಂಪನಿ ವಾಪಸ್ ಕರೆಯಿತು, 2005ರಿಂದ 2013ರವರೆಗಿನ 1.14 ಲಕ್ಷ ಬಂಡಿಗಳನ್ನು. ಕಾರಣ ಕಂಪನಿಯೇ ಸರ್ಕಾರಕ್ಕೆ ಬರೆದು ಒಪ್ಪಿಕೊಂಡಿತು. ಹೊಗೆ ಪರೀಕ್ಷೆಗೆ ಕಳಿಸುವ ಗಾಡಿಗಳಿಗೆ, ಕಡಿಮೆ ಹೊಗೆ ಬಿಡುತ್ತವೆ ಎಂದು ಮೊದಲೇ ಆರಿಸಿಟ್ಟುಕೊಂಡಿದ್ದ ಎಂಜಿನ್‌ಗಳನ್ನು ಕೆಲವು ಉದ್ಯೋಗಿಗಳು ಜೋಡಿಸುತ್ತಿದ್ದರು. ಪರೀಕ್ಷೆಗೆ ಒಂದು ಎಂಜಿನ್, ನಮಗೆ ಮಾರಲು ಇನ್ನೊಂದು. ಹೆಣ್ಣು ತೋರಿಸುವಾಗ ತಂಗಿಯನ್ನು ತೋರಿಸಿ ಅಕ್ಕನಿಗೆ ತಾಳಿ ಕಟ್ಟಿಸಿದ ಹಳೆಯ ಕಥೆಗಳ ಹಾಗೆ. ಕಂಪನಿ ಹಲವರನ್ನು ಕೆಲಸದಿಂದ ತೆಗೆಯಿತು. ಸರ್ಕಾರ ನೇಮಿಸಿದ ಸಮಿತಿ ಇದನ್ನು ಕಂಪನಿ ಮಟ್ಟದ ವಂಚನೆ ಎಂದೇ ಕರೆಯಿತು. ಆದರೆ ದೋಷವಿರುವ ವಾಹನವನ್ನು ವಾಪಸ್ ಕರೆ ಎಂದು ಆಜ್ಞೆ ಮಾಡುವ ಕಾನೂನು ಆಗ ನಮ್ಮ ಸರ್ಕಾರದ ಕೈಯಲ್ಲಿ ಇರಲಿಲ್ಲ. 2017ರ ಕೊನೆಗೆ ಆ ಕಂಪನಿ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು.

2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ಬಂತು. ಪುಣೆಯ ಎಆರ್‌ಎಐ ಸಂಸ್ಥೆಯವರು ಇಲ್ಲಿನ ಕಾರುಗಳನ್ನು ರಸ್ತೆಯ ಮೇಲೆ ಓಡಿಸಿ ನೋಡಿದಾಗ ಹೊಗೆಯ ಲೆಕ್ಕ ಮಿತಿಗಿಂತ ಎಷ್ಟೋ ಪಟ್ಟು ಮೇಲಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಸ್ಕೋಡಾ, ಆಡಿ ಸೇರಿ 3,23,700 ಕಾರುಗಳನ್ನು ಕರೆಯಲಾಯಿತು.

ಇಷ್ಟೆಲ್ಲ ಆದ ಮೇಲೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಎಂಬ ಕಲಂ ಬಂತು. ಹೆಲ್ಮೆಟ್ ದಂಡ, ಸಿಗ್ನಲ್ ದಂಡ ಏರಿದ್ದರ ಗದ್ದಲದಲ್ಲಿ ಇದರ ಕಡೆ ಯಾರೂ ಅಷ್ಟು ನೋಡಲಿಲ್ಲ. ವಾಹನದ ದೋಷದಿಂದ ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯಲ್ಲಿರುವ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ಆಗುವಂತಿದ್ದರೆ ಕೇಂದ್ರ ಸರ್ಕಾರ ರೀಕಾಲ್ ಆಜ್ಞೆ ಮಾಡಬಹುದು. ಕಂಪನಿ ತಾನಾಗಿ ಒಪ್ಪಿಕೊಂಡು ಸರ್ಕಾರಕ್ಕೆ ತಿಳಿಸಿ ಕರೆದರೆ ದಂಡ ಇಲ್ಲ. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ತಯಾರಾಗಿ ಏಳು ವರ್ಷ ಮೀರದ ವಾಹನಗಳಿಗೆ ಇದು ಅನ್ವಯ. ಒಡೆಯರು ವಾಹನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಒಂದು ಮಾದರಿಯ ಬಗ್ಗೆ ನಿಗದಿತ ಸಂಖ್ಯೆಯ ದೂರು ಸೇರಿದರೆ ತನಿಖೆಗೆ ದಾರಿ ಆಗುತ್ತದೆ. ಮಿಶಿಗನ್ ಕೋರ್ಟಿನ ತೀರ್ಪಿನಿಂದ ಇಲ್ಲಿಗೆ ಬರಲು ಅರವತ್ತು ವರ್ಷ ಮೀರಿ ಹಿಡಿಯಿತು. ದಂಡದ ಮೊತ್ತ ದೊಡ್ಡ ಕಂಪನಿಗೆ ಚಿಲ್ಲರೆ ಅಂತ ನನ್ನ ದೂರು ಇದ್ದೇ ಇದೆ.

ಅದಾದ ಮೇಲೆ ಕಂಪನಿಗಳು ತಾವಾಗಿಯೇ ಕರೆಯುವುದು ಮಾಮೂಲಿ ಸುದ್ದಿಯಾಗಿದೆ. 2021ರಲ್ಲಿ ಮಾರುತಿ 1,81,754 ಪೆಟ್ರೋಲ್ ಕಾರುಗಳನ್ನು ಮೋಟಾರ್ ಜನರೇಟರ್ ಭಾಗಕ್ಕಾಗಿ ಕರೆಯಿತು. 2023ರಲ್ಲಿ ಮಹೀಂದ್ರ 1,08,306 ಎಕ್ಸ್‌ಯುವಿ700 ಗಾಡಿಗಳನ್ನು, ಎಂಜಿನ್ ಕೋಣೆಯ ವೈರುಗಳು ಉಜ್ಜಿ ಕತ್ತರಿಸಬಹುದು ಅಂತ. 2024ರ ಮಾರ್ಚ್‌ನಲ್ಲಿ ಬಲೆನೊ ಮತ್ತು ವ್ಯಾಗನ್-ಆರ್ ಸೇರಿ 16 ಸಾವಿರ ಚಿಲ್ಲರೆ ಕಾರುಗಳನ್ನು ಫ್ಯೂಯಲ್ ಪಂಪಿಗಾಗಿ ಕರೆದರು. ಅವು 2019ರಲ್ಲಿ ತಯಾರಾದವು. ನಾಲ್ಕು ವರ್ಷದಲ್ಲಿ ಒಂದು ಕಾರು ಎಷ್ಟು ಊರು, ಎಷ್ಟು ಕೈ ಬದಲಾಯಿಸಿರುತ್ತದೆ ಯೋಚಿಸಿ.

ಹೊರನಾಡಿನ ನಮ್ಮಂಥವರಿಗೆ ತೊಡಕು ಇರುವುದು ಅಲ್ಲೇ. ಕಂಪನಿ ಕಾಗದ ಹಾಕುವುದು ಅದರ ದಾಖಲೆಯಲ್ಲಿರುವ ವಿಳಾಸಕ್ಕೆ, ಎಸ್ಎಂಎಸ್ ಕಳಿಸುವುದು ಕಾರು ಕೊಂಡ ದಿನ ಕೊಟ್ಟ ಫೋನ್ ನಂಬರಿಗೆ. ಕಾರು ಮೈಸೂರಿನದು, ವಾಸ ಗುರುಗ್ರಾಮದಲ್ಲಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೂ ಕಾಗದ ಹೋಗುವುದು ಹಿಂದಿನ ಒಡೆಯನ ಮನೆಗೆ, ಅವನು ಅದನ್ನು ನಿಮಗೆ ತಲುಪಿಸುವ ಪುಣ್ಯಾತ್ಮ ಆಗಿರಬೇಕು. ಅದಕ್ಕೇ ಕಾಗದಕ್ಕೆ ಕಾಯದೆ ನೀವೇ ವಿಚಾರಿಸುವುದು ಒಳ್ಳೆಯದು. ಆರ್‌ಸಿಯಲ್ಲಿ ಚಾಸಿ ನಂಬರ್ ಇರುತ್ತದೆ, 17 ಅಕ್ಷರ-ಅಂಕಿಗಳದ್ದು. ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಅದನ್ನು ಹೊಡೆದರೆ ನಿಮ್ಮ ಬಂಡಿಗೆ ರೀಕಾಲ್ ಬಾಕಿ ಇದೆಯೇ ಅಂತ ತೋರಿಸುತ್ತದೆ. ಆಗದಿದ್ದರೆ ಸರ್ವಿಸಿಗೆ ಬಿಟ್ಟಾಗ ಕೌಂಟರಿನಲ್ಲಿ ಕೇಳಿ, ಹಾಗೆಯೇ ಈಗಿನ ವಿಳಾಸ, ಫೋನ್ ನಂಬರ್ ಬರೆಸಿ. ಲಿಂಕ್ ಒತ್ತಿ, ಹಣ ಕಟ್ಟಿ ಅಂತ ಬಂದ ಎಸ್ಎಂಎಸ್ ಮಾತ್ರ ನಂಬಬೇಡಿ. ರೀಕಾಲ್ ರಿಪೇರಿಗೆ ದುಡ್ಡು ಇಲ್ಲ. ವಾರಂಟಿ ಮುಗಿದಿದ್ದರೂ, ನೀವು ಎರಡನೆಯ ಒಡೆಯರಾದರೂ ಸರಿ. ಕೆಲಸ ಆದ ಮೇಲೆ ಜಾಬ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಿ.

ಓಡುವಾಗಲೇ ಎಂಜಿನ್ ನಿಂತರೆ ಏನು ಮಾಡಬೇಕು ಅಂತ ಭಾವ ಆಮೇಲೆ ಕೇಳಿ ತಿಳಿದುಕೊಂಡರು. ಬ್ರೇಕಿನಲ್ಲಿ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಅದನ್ನು ಪದೇ ಪದೇ ಒತ್ತಿ ಕಳೆಯಬಾರದು, ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಸ್ಟಿಯರಿಂಗ್ ಭಾರ ಆದರೂ ತಿರುಗುತ್ತದೆ. ಕೀಲಿಯನ್ನು ಮಾತ್ರ ಹೊರಗೆ ತೆಗೆಯಬಾರದು, ತೆಗೆದರೆ ಸ್ಟಿಯರಿಂಗ್ ಲಾಕ್ ಆದೀತು. ಇನ್ನು ಎಂಜಿನ್ನಿನಿಂದ ವೇಗದ ಜೊತೆ ಏರುವ ಟಕ್ ಟಕ್ ಸದ್ದು ಬಂದರೆ, ಅಥವಾ ಆಯಿಲ್ಲಿನ ಕೆಂಪು ದೀಪ ಹತ್ತಿದರೆ, ಮನೆ ಹತ್ತಿರವೇ ಇದೆ ಅಂತ ಮುಂದುವರಿಯದೆ ಅಲ್ಲೇ ನಿಲ್ಲಿಸಿ.

ಭಾವ ಕಂಪನಿಯ ದಾಖಲೆಯಲ್ಲಿ ಪುಣೆ ವಿಳಾಸ ಬರೆಸಿದ್ದಾರೆ. ನಂಬರ್ ಪ್ಲೇಟ್ ಇನ್ನೂ ಕೆಎ-25. ಹುಬ್ಬಳ್ಳಿಯಲ್ಲಿ ಅಕ್ಕನ ಅತ್ತೆ ಈಗ ಬಂದ ಪ್ರತಿ ಕಾಗದವನ್ನೂ ಫೋನಿನಲ್ಲಿ ಪೂರ್ತಿ ಓದಿ ಹೇಳುತ್ತಾರಂತೆ. ಮೊನ್ನೆ ಅರ್ಧ ಗಂಟೆ ಓದಿದ್ದು ಪಕ್ಕದ ಮನೆಯವರ ಸ್ಕೂಟರಿನ ಇನ್ಸೂರನ್ಸ್ ಕಾಗದ.